ಶನಿವಾರದೊಳಗೆ ಬಿಲ್ಡ್ ಆಗಬೇಕು

"ಹ್ವಾಯ್! ಅದನ್ನ್ ಒತ್ಬೇಡಿ!"

ಹಿಂದಿನಿಂದ ಬಂದ ಗಂಡುದನಿಗೆ ಸೌಮ್ಯಶ್ರೀ ಕುರ್ಚಿಯಲ್ಲೇ ಬೆಚ್ಚಿಬಿದ್ದಳು. ಅವಳ ಬೆರಳು ಮೌಸಿನ ಮೇಲಿತ್ತು. ಇನ್ನೊಂದು ಕ್ಲಿಕ್ ಆಗಿದ್ದರೆ ಲ್ಯಾಪ್‌ಟಾಪಿನಿಂದ ಎಕ್ಲಿಪ್ಸ್ ಎಂಬ ಪ್ರೋಗ್ರಾಂ ಪೂರ್ತಿ ಅಳಿಸಿಹೋಗುತ್ತಿತ್ತು. ಅಷ್ಟರಲ್ಲಿ ಒಂದು ಕೈ ಬಂದು ಮೌಸನ್ನು ಹಿಡಿದೇಬಿಟ್ಟಿತು... ಮೌಸಿನ ಜೊತೆಗೆ ಅವಳ ಕೈಯನ್ನೂ!

ಒಂದು ಕ್ಷಣ ಇಬ್ಬರೂ ಅಲ್ಲಾಡಲಿಲ್ಲ.

ಆಮೇಲೆ ಅವನು ಬಿಸಿ ಪಾತ್ರೆ ಮುಟ್ಟಿದವನಂತೆ ಕೈ ಹಿಂದೆಗೆದ.

"ಸಾರಿ... ಗಡಿಬಿಡಿಲಿ ಹಿಡ್ದೆ. ಅದನ್ನ್ ತೆಗ್ದ್ರೆ ಎಲ್ಲ ಮತ್ತೆ ಡೌನ್‌ಲೋಡ್ ಮಾಡ್ಕ್. ನಮ್ಮ್ ಆಫೀಸಿನ ನೆಟ್ಟಿಗೆ ಎರ್ಡ್ ದಿನ ಬೇಕ್, ಮಾರಾಯ್ರೆ!"

'ಎರಡು ದಿನ! ನನ್ನ ಹತ್ತಿರ ಇರುವುದೇ ಮೂರು ದಿನ...'

ಸೌಮ್ಯಶ್ರೀಯ ಕಣ್ಣು ತುಂಬಿಬಂತು. ಯಾರೋ ಗುರುತಿಲ್ಲದವನ ಎದುರು ಅಳುವುದೇ? ಅವಳು ಪರದೆಯ ಕಡೆಗೆ ಮುಖ ತಿರುಗಿಸಿದಳು. ಅಲ್ಲೂ ಸಮಾಧಾನವಿರಲಿಲ್ಲ. ಕೆಂಪು ಅಕ್ಷರದಲ್ಲಿ ಅದೇ ಮಾತು, ಸೋಮವಾರದಿಂದ ನಲವತ್ತನೆಯ ಸಲ: ಬಿಲ್ಡ್ ಫೇಲ್ಡ್.

"ನಾನ್ ಪ್ರಖ್ಯಾತ್. ನೀವ್ ಸೇರುಕಿಂತ ಮೊದ್ಲಿಂದ ಬೈಂದೂರಂಗೆ ಇದ್ದಿದ್ದೆ, ಐಸ್ ಪ್ಲಾಂಟಿನ ಪ್ರೋಗ್ರಾಂ ಕೆಲ್ಸಕ್ಕೆ," ಎಂದು ಅವನು ಪಕ್ಕದ ಕುರ್ಚಿ ಎಳೆದುಕೊಂಡ. "ತಲೆಬಿಸಿ ಮಾಡ್ಕಣ್ಬೇಡಿ. ಎಂತ ಆಯ್ತ್ ಹೇಳಿ, ಕಾಂಬ."

ನೋಡಿ, ಪ್ರೀತಿ ಹುಟ್ಟುವುದಕ್ಕೆ ಜನರಿಗೆ ಎಂಥೆಂಥ ಜಾಗ ಸಿಗುತ್ತದೆ! ಸಮುದ್ರದಂಡೆ, ಮದುವೆಮನೆ, ಬಸ್ಸಿನ ಕಿಟಕಿ... ನಮ್ಮ ಈ ಇಬ್ಬರು ಪುಣ್ಯಾತ್ಮರಿಗೆ ಸಿಕ್ಕಿದ್ದು ಒಂದು ಜಾವಾ ಎರರ್. ಏನು ಮಾಡುವುದು, ಅವರವರ ಹಣೆಬರಹ!

ಕುಂದಾಪುರದ ಶಾಸ್ತ್ರಿ ಸರ್ಕಲ್‌ನ ಹತ್ತಿರ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಆ ಆಫೀಸು. ಒಟ್ಟು ಐದು ಜನ. ಯಜಮಾನರು ಭೋಜರಾಜ ಶೆಟ್ಟರು, ಎಲ್ಲರಿಗೂ ಭೋಜಣ್ಣ. ಯಕ್ಷಗಾನ ಮೇಳವೊಂದರ ಹರಕೆ ಆಟದ, ಅಂದರೆ ಹರಕೆ ಹೊತ್ತವರು ಆಡಿಸುವ ಪ್ರದರ್ಶನದ, ಬುಕಿಂಗಿಗೆ ಅವರು ಒಂದು ಪ್ರೋಗ್ರಾಂ ಮಾಡಿಸುತ್ತಿದ್ದರು. ನಮ್ಮ ಕಡೆ ಹರಕೆ ಹೊತ್ತವರಿಗೆ ಆಟದ ದಿನ ಸಿಗಲು ವರ್ಷಗಟ್ಟಲೆ ಕಾಯಬೇಕು. ಯಾರ ಮನೆಗೆ ಯಾವ ದಿನ ಎಂದು ಹೇಳುವ ಚೀಟಿ ಅಚ್ಚಾಗುವ ಭಾಗ ಸೌಮ್ಯಶ್ರೀಯ ಪಾಲಿಗೆ ಬಂದಿತ್ತು.

ಮೂರು ತಿಂಗಳ ಪರೀಕ್ಷಾ ಅವಧಿ ಅವಳದ್ದು. ಇಷ್ಟು ದಿನ ಬೇರೆಯವರು ಮಾಡಿದ್ದನ್ನು ಬ್ರೌಸರಿನಲ್ಲಿ ಪರೀಕ್ಷಿಸುವ ಕೆಲಸವಿತ್ತು. ಸೋಮವಾರ ಭೋಜಣ್ಣ ಕರೆದು, "ಇನ್ನ್ ನೀನೇ ಕೋಡ್ ಬರಿ. ಗ್ರೇಡಲ್ ಪ್ಲಗಿನ್ ಹಾಕಿ ಬಿಲ್ಡ್ ಮಾಡ್. ಶನಿವಾರದೊಳ್ಗೆ ನಿನ್ನ್ ಲ್ಯಾಪ್‌ಟಾಪಂಗೆ ಓಡ್ಕ್. ಓಡ್ರೆ ಕೆಲ್ಸ ಪಕ್ಕಾ," ಎಂದಿದ್ದರು.

ಓಡದಿದ್ದರೆ? ಅದನ್ನು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಗ್ರೇಡಲ್ ಎಂದರೆ ದೊಡ್ಡ ವಿಷಯವೇನಲ್ಲ. ಬರೆದ ಕೋಡನ್ನೆಲ್ಲ ಜೋಡಿಸಿ, ಬೇಕಾದ ಸಾಮಾನನ್ನು ನೆಟ್ಟಿನಿಂದ ತರಿಸಿಕೊಂಡು, ಓಡುವ ಪ್ರೋಗ್ರಾಂ ಕಟ್ಟಿಕೊಡುವ ಮೇಸ್ತ್ರಿ. ಆ ಕಟ್ಟುವ ಕೆಲಸವೇ ಬಿಲ್ಡ್. ಕೋಡ್ ಬರೆಯುವ ಎಕ್ಲಿಪ್ಸ್ ಒಳಗೆ ಆ ಮೇಸ್ತ್ರಿಯನ್ನು ಕರೆಸುವುದೇ ಪ್ಲಗಿನ್. ಎಲ್ಲರ ಕಂಪ್ಯೂಟರಿನಲ್ಲೂ ಮೇಸ್ತ್ರಿ ಕೆಲಸಕ್ಕೆ ಬರುತ್ತಿದ್ದ. ಸೌಮ್ಯಶ್ರೀಯಲ್ಲಿ ಮಾತ್ರ ಬಾಗಿಲಿಗೆ ಬಂದು ವಾಪಸ್ ಹೋಗುತ್ತಿದ್ದ!

ಈ ಕೆಲಸಕ್ಕಾಗಿ ಅವಳು ತನ್ನೂರು ಕೊಕ್ಕರ್ಣೆಯ ಹಾಲಿನ ಸೊಸೈಟಿಯ ಖಾಯಂ ಕುರ್ಚಿ ಬಿಟ್ಟುಬಂದಿದ್ದಳು. ಅಮ್ಮ ಗಿರಿಜಾ ಆ ದಿನ ಊಟ ಮಾಡಿರಲಿಲ್ಲ. "ಮೂರ್ ತಿಂಗ್ಳ್ ಕಾಣ್ ಮಗಾ. ಆತಿಲ್ಲೆ ಅಂದ್ರೆ ವಾಪಸ್ ಬಾ. ಸೆಕ್ರೆಟ್ರಿಯವ್ರ್ ಆ ಜಾಗಕ್ಕೆ ಇನ್ನೂ ಯಾರನ್ನೂ ತಕಣ್ಲಿಲ್ಲೆ ಅಂಬ್ರ್," ಎಂದಿದ್ದರು. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಸೋತು ಅದೇ ಕುರ್ಚಿಗೆ ಮರಳುವುದೆಂದರೆ! ಹಾಲು ತರುವವರೆಲ್ಲ "ಎಂತ ಹೆಣ್ಣೆ, ಆಯ್ಲಿಲ್ಯಾ?" ಎಂದು ಕೇಳದೆ ಬಿಡುತ್ತಿರಲಿಲ್ಲ.

ಬುಧವಾರ ಇಡೀ ಮಧ್ಯಾಹ್ನ ಪ್ರಖ್ಯಾತ್ ಅವಳ ಪಕ್ಕದಲ್ಲೇ ಕುಳಿತ.

"ಜಾವಾ ಯಾವ್ ವರ್ಷನ್? ಸರಿ ಇತ್ತ್. ಎಕ್ಲಿಪ್ಸಿಗೆ ಅದೇ ಜಾವಾ ತೋರ್ಸಿರ್ಯಾ? ಹ್ಞಾಂ, ಅದೂ ಸರಿ ಇತ್ತ್."

ಪ್ಲಗಿನ್ ತೆಗೆದು ಮತ್ತೆ ಹಾಕಿದರು. ಎಕ್ಲಿಪ್ಸ್ ಮುಚ್ಚಿ ತೆರೆದರು. ಆಫೀಸಿನ ನೆಟ್ ಬಿಟ್ಟು ಅವನ ಮೊಬೈಲಿನ ನೆಟ್ ಕೊಟ್ಟರು. ಪ್ರತಿ ಸಲವೂ ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ಅರ್ಧದವರೆಗೆ ಹಸಿರಾಗಿ ಓಡಿ, ಆಮೇಲೆ ಕೆಂಪು.

"ನಂಗ್ ತಲೆಯೇ ಇಲ್ಲೆ ಕಾಣತ್ತ್..." ಅವಳು ಮೌಸನ್ನು ದೂರ ತಳ್ಳಿದಳು.

"ಹಾಂಗ್ ಹೇಳ್ಬೇಡಿ." ಅವನು ಅವಳ ಕಡೆಗೆ ತಿರುಗಿದ. "ಇಂಟರ್‌ವ್ಯೂ ದಿನ ನೀವ್ ಜಾವಾದ 'ಅರೇ' ಅಂದ್ರೆ ಎಂತ ಅಂತ ಹೇಳಿದ್ದ್ ನಂಗ್ ನೆನ್ಪಿತ್ತ್. ಬಸ್ಸಿನ ಸೀಟ್ ಅಂದ್ರಿ. ಸೊನ್ನೆ ನಂಬ್ರದ ಸೀಟ್ ಡ್ರೈವರಿಂದ್ ಅಂದ್ರಿ!"

ಸೌಮ್ಯಶ್ರೀ ಕಣ್ಣರಳಿಸಿದಳು. "ನೀವ್ ಅಲ್ಲಿದ್ರ್ಯಾ?"

"ಭೋಜಣ್ಣನ ಕ್ಯಾಬಿನ್ನಿನ ಗಾಜಿನ ಆಚೆ ಬದಿಗ್ ಇದ್ದಿದ್ದೆ." ಅವನ ಕಿವಿಗಳು ಕೆಂಪಾದವು. ಅವಳಿಗೆ ನಗು ಬಂತು. ಮೂರು ದಿನದಲ್ಲಿ ಮೊದಲ ನಗು!

'ಇವರು ಜೊತೆಗಿದ್ದರೆ ಆಗಿಬಿಡುತ್ತದೆ...' ಎಂದಿತು ಅವಳ ಮನಸ್ಸು. ಆ ಯೋಚನೆಯಲ್ಲಿ ಬಿಲ್ಡ್‌ನದ್ದು ಎಷ್ಟು, ಅವನದ್ದು ಎಷ್ಟು ಎಂದು ಅವಳು ವಿಚಾರಿಸಲು ಹೋಗಲಿಲ್ಲ.

ಆದರೆ ನಾಲ್ಕೂವರೆಗೆ ಏನೋ ಆಯಿತು.

ಅವನು ಎರರಿನ ಉದ್ದನೆಯ ಸಾಲನ್ನು ಬಲಕ್ಕೆ ಸರಿಸುತ್ತಾ ಹೋದ. ಬೇಕಾದ ಕ್ಲಾಸ್, ಅಂದರೆ ಕೋಡಿನ ತುಂಡು, ಸಿಗುತ್ತಿಲ್ಲ ಎಂಬ ದೂರಿನ ಕೊನೆಗೆ ಒಂದು ಫೋಲ್ಡರಿನ ವಿಳಾಸವಿತ್ತು. ಸಿ ಡ್ರೈವ್, ಅದರೊಳಗೆ ಯೂಸರ್ಸ್, ಅದರ ಮುಂದೆ ಸಾಲಾಗಿ ಒಂಬತ್ತು ಪ್ರಶ್ನೆ ಚಿಹ್ನೆ. ಅವನು ಬೆರಳಿಟ್ಟು ಎಣಿಸಿದ. ಮುಖ ಬಿಳಿಚಿಕೊಂಡಿತು.

"ಎಂತ ಆಯ್ತ್?"

"ಎಂತ ಇಲ್ಲೆ... ನಾನ್... ಈಗ ಬತ್ತೆ."

ಹೋದವನು ಬರಲೇ ಇಲ್ಲ.

ಗುರುವಾರ ಬೆಳಿಗ್ಗೆ ಅವನು ಬಂದ. ಆದರೆ ಅವಳ ಮೇಜಿನ ಹತ್ತಿರ ಸುಳಿಯಲಿಲ್ಲ. ಅವಳು ನೋಡಿದರೆ ತಲೆತಗ್ಗಿಸಿದ. 'ನಾನು ಏನು ಮಾಡಿದೆ? ಇವಳಿಗೆ ಹೇಳಿಕೊಟ್ಟು ಪ್ರಯೋಜನವಿಲ್ಲ ಅಂದುಕೊಂಡರಾ?'

ಮಧ್ಯಾಹ್ನ ಊಟದ ಡಬ್ಬಿ ತೊಳೆದು ಬಂದಾಗ ಅವಳ ಲ್ಯಾಪ್‌ಟಾಪ್ ಮೇಜಿನ ಮೇಲಿರಲಿಲ್ಲ! ಗಾಜಿನಾಚೆ ಭೋಜಣ್ಣನ ಕ್ಯಾಬಿನ್ನಿನಲ್ಲಿ ಪ್ರಖ್ಯಾತ್ ಅದನ್ನು ತೆರೆದಿಟ್ಟು ಏನೇನೋ ತೋರಿಸುತ್ತಿದ್ದ. ಭೋಜಣ್ಣ ಹಣೆ ಗಂಟಿಕ್ಕಿ ಕೇಳುತ್ತಿದ್ದರು. ಸೌಮ್ಯಶ್ರೀಯ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ನೆಲಕ್ಕೆ ಬಿತ್ತು.

ಹತ್ತು ನಿಮಿಷದ ಮೇಲೆ ಅವಳಿಗೆ ಕರೆ ಬಂತು. ಪ್ರಖ್ಯಾತ್ ಅವಳನ್ನು ದಾಟಿಕೊಂಡು ಹೊರಗೆ ಹೋದ, ಬೈಂದೂರಿನ ಬಸ್ಸಿಗೆಂದು ಬ್ಯಾಗ್ ಹೆಗಲಿಗೇರಿಸಿಕೊಂಡು.

"ಹೆಣ್ಣೆ, ಶನಿವಾರ ಮೇಳದ ಮ್ಯಾನೇಜರ್ ಕೃಷ್ಣಯ್ಯ ಸಾಲಿಗ್ರಾಮದಿಂದ ಬತ್ರ್," ಎಂದರು ಭೋಜಣ್ಣ. "ಅವ್ರ್ ಕೂತಲ್ಲೇ ಅದ್ ಬದ್ಲ್ ಮಾಡ್, ಇದ್ ಬದ್ಲ್ ಮಾಡ್ ಅಂಬ್ರ್. ಅವ್ರೆದ್ರೇ ನೀನ್ ಬದ್ಲ್ ಮಾಡಿ, ಬಿಲ್ಡ್ ಮಾಡಿ ತೋರ್ಸ್ಕ್. ಅಲ್ಲಿವರಿಗೆ ಯಾರ್ ಹತ್ರವೂ ಕೇಂಬುಕಾಗ. ಪ್ರಖ್ಯಾತನತ್ರ ಅಂತೂ ಬ್ಯಾಡವೇ ಬ್ಯಾಡ."

"ಅವ್ರ್... ಎಂತ ಹೇಳಿರ್, ಭೋಜಣ್ಣ?"

"ಅದ್ ನಿಂಗ್ ಈಗ ಬ್ಯಾಡ."

ಮುಗಿಯಿತಲ್ಲ! ಅವಳಿಗೆ ಎಲ್ಲವೂ ಅರ್ಥವಾಯಿತು, ಅಥವಾ ಅರ್ಥವಾಯಿತು ಎಂದುಕೊಂಡಳು. ಬುಧವಾರ ನಗಿಸಿದವನು ಗುರುವಾರ ದೂರು ಕೊಟ್ಟಿದ್ದ. ಸಂಜೆ ಬ್ರಹ್ಮಾವರದಲ್ಲಿ ಕೊಕ್ಕರ್ಣೆಯ ಬಸ್ಸು ಹತ್ತಿದವಳಿಗೆ ಟಿಕೆಟ್ ತೆಗೆಯುವುದೂ ಮರೆತುಹೋಗಿತ್ತು. ಕಂಡಕ್ಟರ್ ಎರಡು ಸಲ ಕೂಗಬೇಕಾಯಿತು.

ಮನೆಯಲ್ಲಿ ಅಮ್ಮ ಬಡಿಸುತ್ತಾ ಒಮ್ಮೆ ಮುಖ ನೋಡಿ ಇನ್ನೊಂದು ಸೌಟು ಅನ್ನ ಹಾಕಿದರು. ಆ ಅಕ್ಕರೆಯೇ ಸೌಮ್ಯಶ್ರೀಗೆ ಹೆಚ್ಚು ಚುಚ್ಚಿತು.

ಶುಕ್ರವಾರ ಅವಳು ಎಲ್ಲರಿಗಿಂತ ಮೊದಲು ಆಫೀಸಿಗೆ ಬಂದಳು. 'ಅತ್ತದ್ದು ಸಾಕು,' ಎಂದು ತನಗೆ ತಾನೇ ಗದರಿಕೊಂಡಳು. ಇಷ್ಟು ದಿನ ಎರರಿನ ಮೊದಲ ಸಾಲು ಓದಿ ಗಾಬರಿಯಾಗಿ ಮುಚ್ಚುತ್ತಿದ್ದಳು. ಇವತ್ತು ಹಾಳೆ ತೆಗೆದುಕೊಂಡು ಪೂರ್ತಿ ಬರೆದಳು, ಒಂದೊಂದೇ ಪದ. ಬಳಿಕ ಸಹೋದ್ಯೋಗಿ ಅನಿಷಾ ಬಂದೊಡನೆ ಅವಳ ಕಂಪ್ಯೂಟರಿನಲ್ಲಿ ಅದೇ ಪ್ರಾಜೆಕ್ಟನ್ನು ಓಡಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ಹೇಳಿಕೊಡು ಎಂದು ಕೇಳಲಿಲ್ಲ. ನೋಡುವುದಕ್ಕೇನು ತಪ್ಪು?

ಅನಿಷಾಳಲ್ಲಿ ಯೂಸರ್ಸ್ ಆದಮೇಲೆ 'ಅನಿಷಾ' ಎಂದು ಇಂಗ್ಲಿಷಿನಲ್ಲಿತ್ತು. ತನ್ನದರಲ್ಲಿ ಒಂಬತ್ತು ಪ್ರಶ್ನೆ ಚಿಹ್ನೆ. ಮೊದಲೂ ಅದನ್ನು ಕಂಡಿದ್ದಳು. ಕಂಪ್ಯೂಟರಿಗೇ ಏನೋ ಗೊಂದಲವಾಗಿದೆ ಎಂದುಕೊಂಡು ಬಿಟ್ಟಿದ್ದಳು. ಈಗ ಸಿ ಡ್ರೈವ್ ತೆರೆದಳು. ಯೂಸರ್ಸ್ ತೆರೆದಳು.

ಅಲ್ಲಿ, ಹಳದಿ ಫೋಲ್ಡರಿನ ಕೆಳಗೆ, ಅಚ್ಚ ಕನ್ನಡದಲ್ಲಿ: ಸೌಮ್ಯಶ್ರೀ.

ಕಂಪ್ಯೂಟರ್ ಎಣಿಸುವಂತೆ ಗುಣಿತ, ಒತ್ತು ಎಲ್ಲ ಬಿಡಿಸಿ ಎಣಿಸಿದಳು: ಸರಿಯಾಗಿ ಒಂಬತ್ತು!

ಲಾಗಿನ್ ಮಾಡುವಾಗ ಇಂಗ್ಲಿಷಿನಲ್ಲೇ ಕಾಣುವ ಹೆಸರು ಒಳಗೆ ಕನ್ನಡದಲ್ಲಿ ಹೇಗೆ ಬಂತು? ಗ್ರೇಡಲ್ ತನ್ನ ಸಾಮಾನನ್ನೆಲ್ಲ ತಂದಿಡುತ್ತಿದ್ದದ್ದು ಈ ಫೋಲ್ಡರಿನಲ್ಲಿ. ಮತ್ತೆ ತೆಗೆಯಲು ಹೋದರೆ ಅದಕ್ಕೆ ಕನ್ನಡ ಓದಲು ಬಾರದು! ತಂದಿಟ್ಟದ್ದು ಇದ್ದಲ್ಲೇ ಇದೆ, ಸಿಗುತ್ತಿಲ್ಲ ಎಂದು ಬೊಬ್ಬೆ ಹೊಡೆಯುತ್ತಿತ್ತು ಅಷ್ಟೆ.

ಅವಳು ಸಿ ಡ್ರೈವಿನಲ್ಲಿ ನೇರವಾಗಿ ಇಂಗ್ಲಿಷ್ ಹೆಸರಿನ ಹೊಸ ಫೋಲ್ಡರ್ ಮಾಡಿದಳು. ಇನ್ನು ಮುಂದೆ ನಿನ್ನ ಸಾಮಾನು ಇಲ್ಲಿಡು ಎಂದು ಸೆಟ್ಟಿಂಗಿನಲ್ಲಿ ಗ್ರೇಡಲ್‌ಗೆ ತಿಳಿಸಿದಳು. ಎಕ್ಲಿಪ್ಸ್ ಮುಚ್ಚಿ ತೆರೆದು ಬಿಲ್ಡ್ ಒತ್ತಿದಳು. ಆಫೀಸಿನ ಬಡ ನೆಟ್ಟಿನಲ್ಲಿ ಸಾಮಾನೆಲ್ಲ ಹೊಸತಾಗಿ ಇಳಿದು ಮುಗಿಯುವಾಗ ಮಧ್ಯಾಹ್ನ ಮೂರು ಗಂಟೆ. ಪಟ್ಟಿ ಅರ್ಧಕ್ಕೆ ಬಂತು... ಮುಕ್ಕಾಲಿಗೆ ಬಂತು...

ಬಿಲ್ಡ್ ಸಕ್ಸೆಸ್‌ಫುಲ್.

"ಅನಿಷಾ! ಆಯ್ತ್! ಆಯ್ತೇ!"

ಅನಿಷಾ ಓಡಿಬಂದು ತಬ್ಬಿಕೊಂಡಳು. ಬಳಿಕ ಫೋಲ್ಡರ್ ನೋಡಿ ಹಣೆ ಚಚ್ಚಿಕೊಂಡಳು. "ಅಯ್ಯಯ್ಯೋ! ನೀನ್ ಸೇರುಕಿಂತ ಮೊದ್ಲ್ ಈ ಲ್ಯಾಪ್‌ಟಾಪ್ ರೆಡಿ ಮಾಡಿದ್ದ್ ಪ್ರಖ್ಯಾತಣ್ಣ. ಹೆಸ್ರ್ ಕನ್ನಡದಂಗೆ ಹಾಕಿದ್ರ್. ಎಲ್ಲರ್ದೂ ಒಂದೇ ನಮೂನಿ ಇರ್ಲಿ ಅಂತ ಭೋಜಣ್ಣ ಹೇಳಿದ್ದಕ್ಕೆ ನಾನೇ ಇಂಗ್ಲಿಷಿಗೆ ಬದ್ಲ್ ಮಾಡ್ದೆ. ಮೇಲಿಂದ್ ಮಾತ್ರ ಬದ್ಲಾಯ್ತ್ ಕಾಣತ್ತ್, ಒಳ್ಗಿನ ಫೋಲ್ಡರ್ ಹಾಂಗೇ ಉಳೀತ್!"

ಸೌಮ್ಯಶ್ರೀಯ ನಗು ಅಲ್ಲೇ ನಿಂತಿತು.

ಪ್ರಖ್ಯಾತ್! ಬುಧವಾರ ಅವನು ಆ ಚಿಹ್ನೆಗಳನ್ನು ಎಣಿಸಿದ್ದ. ತನ್ನದೇ ತಪ್ಪೆಂದು ಆಗಲೇ ಗೊತ್ತಾಗಿತ್ತು. ಗೊತ್ತಾದರೂ ಬಾಯಿಬಿಡದೆ, ಅವಳ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿ ಯಜಮಾನರ ಹತ್ತಿರ ಚಾಡಿ! ಈಗ ಬೈಂದೂರಿಗೆ ಹೋಗಿ ತಣ್ಣಗೆ ಕುಳಿತಿದ್ದಾನೆ!

ಮೆಟ್ಟಿಲ ಮೇಲೆ ನಿಂತು ಅವಳು ಫೋನ್ ಮಾಡಿದಳು. ಒಂದೇ ರಿಂಗಿಗೆ ಎತ್ತಿದ.

"ನಿಮ್ಗ್ ಬುಧವಾರವೇ ಗೊತ್ತಿದ್ದಿತ್ ಅಲ್ದಾ?"

ಆ ಕಡೆ ಕುರ್ಚಿ ಸರಿದ ಸದ್ದು.

"ನಿಮ್ಮ್ ತಪ್ಪ್ ಮುಚ್ಕಂಬುಕೆ ನನ್ನ್ ಕೆಲ್ಸ ಹೋರೂ ಅಡ್ಡಿಲ್ಲೆ, ಅಲ್ದಾ? ನಾನ್ ಮೂರ್ ದಿನ ಸರಿ ಉಣ್ಲಿಲ್ಲೆ, ನಿದ್ರಿ ಮಾಡ್ಲಿಲ್ಲೆ... ನೀವ್ ಕಂಡೂ ಸುಮ್ನಿದ್ರಿ!"

"ಸೌಮ್ಯಶ್ರೀ..." ಅವನ ಉಸಿರು ಕೇಳಿಸಿತು. "ಬಿಲ್ಡ್ ಆಯ್ತಾ?"

"ಆಯ್ತ್! ನಿಮ್ಮ್ ಉಪಕಾರ ಇಲ್ದೆ ಆಯ್ತ್!"

"ಅಬ್ಬ... ಸಾಕ್. ಅಷ್ಟೇ ಸಾಕ್ ನಂಗೆ."

ಅವಳು ಫೋನ್ ಕತ್ತರಿಸಿದಳು. ಆ 'ಅಬ್ಬ' ಎನ್ನುವುದರಲ್ಲಿ ಅವನು ಎಷ್ಟು ಹೊತ್ತಿನಿಂದ ಹಿಡಿದಿಟ್ಟ ಉಸಿರಿತ್ತು ಎಂದು ಕೋಪದಲ್ಲಿ ಅವಳಿಗೆ ಕೇಳಿಸಲಿಲ್ಲ. ಕೋಪಕ್ಕೆ ಕಿವಿ ಕಡಿಮೆ ಅಲ್ಲವೇ!

ಶನಿವಾರ ಹತ್ತೂವರೆಗೆ ಕೃಷ್ಣಯ್ಯ ಬಂದರು. ಬಿಳಿ ಪಂಚೆ, ಕುತ್ತಿಗೆಗೆ ನೇತುಹಾಕಿದ ಕನ್ನಡಕ. ಸೌಮ್ಯಶ್ರೀ ಪರದೆಯಲ್ಲಿ ಚೀಟಿ ತೋರಿಸಿದಳು. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಇಲ್ಲಿ ಆಟ ಆಡ್ಸುವವ್ರ್ ಹೆಸ್ರ್ ಮಾತ್ರ ಇತ್ತ್. ಮನಿ ಹೆಸ್ರ್ ಎಲ್ಲಿತ್?"

"ಮನಿ ಹೆಸ್ರಾ?"

"ಅಲ್ಲ ಮಗಾ, ಮನಿ ಹೆಸ್ರಿಲ್ದೆ ಹ್ಯಾಂಗೆ? ಹರಕೆ ಹೊತ್ತದ್ದ್ ಅಜ್ಜ, ಆಟ ಆಪ ಹೊತ್ತಿಗೆ ಮೊಮ್ಮಗನ ಕಾಲ. ಜನ ಬದ್ಲಾತ್ರ್, ಮನಿ ಬದ್ಲಾತಿಲ್ಲೆ. ಮನಿ ಹೆಸ್ರ್ ಮೇಲೆ ದೊಡ್ಡದಾಗಿ ಬರ್ಕ್. ಈಗ್ಳೇ ಆತ್ತಾ?"

ಭೋಜಣ್ಣ ಕೈಕಟ್ಟಿಕೊಂಡು ಅವಳನ್ನೇ ನೋಡುತ್ತಿದ್ದರು.

'ನಿನ್ನೆ ಒಂದು ಸಲ ಆಗಿದೆ. ಇವತ್ತು ಆಗದೇ ಹೋದರೆ? ಮತ್ತೆ ಕೆಂಪು ಬಂದರೆ?...' ಅವಳ ಬೆರಳು ತಪ್ಪು ಕೀ ಒತ್ತಿತು, ಅಳಿಸಿತು, ಮತ್ತೆ ಒತ್ತಿತು. ಹದಿನೈದು ನಿಮಿಷದಲ್ಲಿ ಹೊಸ ಸಾಲುಗಳು ಸೇರಿದವು. ಬಿಲ್ಡ್ ಒತ್ತಿ ಅವಳು ಕಣ್ಣುಮುಚ್ಚಿದಳು. ತೆರೆದಾಗ ಪರದೆಯ ಮೇಲೆ ಹಸಿರು! ಪ್ರಿಂಟರ್ ಗರಗರ ಎಂದು ಚೀಟಿಯನ್ನು ಹೊರಗೆ ತಳ್ಳಿತು. ಮನೆಯ ಹೆಸರು ಮೇಲೆ ದೊಡ್ಡದಾಗಿ ಬಂದಿತ್ತು.

"ಹ್ಞಾಂ!" ಎಂದರು ಕೃಷ್ಣಯ್ಯ. "ಈಗ ಸರಿ ಆಯ್ತ್ ಕಾಣ್."

ಅವರನ್ನು ಕಳುಹಿಸಿ ಬಂದ ಭೋಜಣ್ಣ ಅವಳ ಎದುರು ಕುಳಿತರು. "ಸೋಮವಾರದಿಂದ ಪರೀಕ್ಷೆ ಗಿರೀಕ್ಷೆ ಎಂತ ಇಲ್ಲೆ. ಕೆಲ್ಸ ಪಕ್ಕಾ. ಮತ್ತೆ... ಒಂದ್ ವಿಷ್ಯ ಹೇಳ್ಕ್. ಪ್ರಖ್ಯಾತ ಗುರುವಾರವೇ ಬಂದ್, 'ತಪ್ಪ್ ನಂದ್, ಅವ್ರದ್ದಲ್ಲ, ಅವ್ರನ್ನ ತೆಗೂದಾರೆ ನನ್ನನ್ನ್ ತೆಗಿನಿ' ಅಂದ."

ಸೌಮ್ಯಶ್ರೀ ಎದ್ದುನಿಂತಳು. "ಎಂತ ಹೇಳಿರಿ?"

"ಈಗ್ಳೇ ಸರಿ ಮಾಡಿಕೊಡ್ತೆ ಅಂತ ಹಟ ಅವಂದ್. ನಾನೇ ಬ್ಯಾಡ ಅಂದೆ. ಯಾರ್ ತಪ್ಪಾರೂ ಆಯ್ಲಿ, ಹುಡ್ಕಿ ತೆಗೂ ತಲೆ ನಿಂಗಿತ್ತಾ ಅಂತ ನಾನ್ ಕಾಣ್ಕಿದ್ದಿತ್. ಬಾಯಿ ಬಿಟ್ರೆ ನಿನ್ನ್ ಪರೀಕ್ಷೆ ಅಲ್ಲಿಗೇ ಮುಗೀತ್ ಅಂತ ಹೆದ್ರ್ಸಿದ್ದೆ. ಪಾಪ, ನಿನ್ನೆ ಐದ್ ಸಲ ಫೋನ್ ಮಾಡಿದ. 'ಆಯ್ತಾ ಭೋಜಣ್ಣ, ಆಯ್ತಾ' ಅಂತ."

ಅಯ್ಯೋ ದೇವರೇ! ಅವನಿಗೆ ತಾನು ಆಡಿದ ಮಾತು... ಅವನು ಒಂದಕ್ಕೂ ಎದುರಾಡಿರಲಿಲ್ಲ!

ಅವಳು ಬ್ಯಾಗ್ ಎತ್ತಿಕೊಂಡಳು. ಮನೆಗೆ ಹೋಗುವ ಬ್ರಹ್ಮಾವರದ ಬಸ್ಸು ಎದುರೇ ನಿಂತಿತ್ತು. ಅವಳು ರಸ್ತೆ ದಾಟಿ ಬೈಂದೂರಿನ ಬಸ್ಸು ಹತ್ತಿದಳು.

ತಲ್ಲೂರು ದಾಟಿತು. ಮರವಂತೆ ದಾಟಿತು. ಒಂದು ಗಂಟೆಯ ದಾರಿಯಲ್ಲಿ ಅವಳು ಹತ್ತು ಸಲ ಮಾತು ಜೋಡಿಸಿ ಹತ್ತು ಸಲ ಮರೆತಳು. 'ಮುಖ ನೋಡದೇ ಹೋದರೆ? ಹೊರಟುಹೋಗಿ ಅಂದರೆ?'

ಐಸ್ ಪ್ಲಾಂಟಿನ ಸಣ್ಣ ಆಫೀಸಿನಲ್ಲಿ ಪ್ರಖ್ಯಾತ್ ಒಬ್ಬನೇ ಇದ್ದ. ಗಡ್ಡ ಬೆಳೆದಿತ್ತು. ಬಾಗಿಲಲ್ಲಿ ಅವಳನ್ನು ಕಂಡು ಕುರ್ಚಿ ಬೀಳಿಸಿಕೊಂಡೇ ಎದ್ದ.

"ನೀವಾ! ಎಂತ ಆಯ್ತ್? ಕೃಷ್ಣಯ್ಯ ಬಂದಿರ್ಲಿಲ್ಯಾ? ಮತ್ತೆ ಫೇಲ್ ಆಯ್ತಾ?"

ಅಲ್ಲಿಯವರೆಗೆ ತಡೆದಿದ್ದ ಅಳು ಅವಳಿಗೆ ಆಗ ಬಂತು. "ಎಲ್ಲ ಆಯ್ತ್. ಭೋಜಣ್ಣ ಎಲ್ಲ ಹೇಳಿರ್. ನಾನ್ ನಿಮ್ಗ್ ಬಾಯಿಗ್ ಬಂದಾಂಗ್ ಬೈದೆ..."

"ಬೈದದ್ದ್ ಸರಿಯೇ. ತಪ್ಪ್ ನಂದೇ ಅಲ್ದಾ?"

"ಬುಧವಾರವೇ ನಂಗ್ ಹೇಳ್ಲಕ್ಕಿದ್ದಿತ್ತಲ್ಲ. ಆವತ್ತ್ ಭೋಜಣ್ಣ ಬ್ಯಾಡ ಅಂದಿರ್ಲಿಲ್ಲೆ."

ಅವನು ನೆಲ ನೋಡಿದ. "ಹೇಳ್ರೆ, ಎಂತಕ್ಕೆ ಕನ್ನಡದಂಗೆ ಹಾಕ್ದೆ ಅಂತಲೂ ಹೇಳ್ಕಾತ್. ಅದಕ್ಕೆ ಧೈರ್ಯ ಸಾಲ್ಲಿಲ್ಲೆ."

"ಈಗ ಹೇಳಿ. ಎಂತಕ್ಕೆ?"

"ನಿಮ್ಮ್ ಅರ್ಜಿಯಂಗೆ ಹೆಸ್ರ್ ಕನ್ನಡದಂಗೆ ಬರ್ದಿದ್ರಿ. ಅಷ್ಟ್ ಚೆಂದ ಮಾಡಿ. ಇಂಗ್ಲಿಷಂಗೆ ಹೊಡೂಕೆ ನಂಗ್ ಮನ್ಸೇ ಬರ್ಲಿಲ್ಲೆ." ಅವನ ದನಿ ತಗ್ಗಿತು. "ಆ ದಿನ ಗಾಜಿನಾಚೆಯಿಂದ ನಿಮ್ಮನ್ನ್ ಕಂಡಲ್ಲಿಂದ ನಂಗ್ ನಿಮ್ಮ್ ಮೇಲೆ ಜೀವ, ಸೌಮ್ಯಶ್ರೀ. ನಂಗ್ ಇಷ್ಟ ಆದದ್ದೇ ನಿಮ್ಮ್ ಕೆಲ್ಸಕ್ಕೆ ಕುತ್ತ್ ತಂತಲ್ಲ ಅಂತ ನಾನೂ ನಿದ್ರಿ ಮಾಡ್ಲಿಲ್ಲೆ."

ಅವಳು ಹತ್ತಿರ ಹೋಗಿ ಅವನ ಕೈ ಹಿಡಿದಳು. ಆ ಐಸ್ ಪ್ಲಾಂಟಿನ ಚಳಿಯಲ್ಲೂ ಅವನ ಅಂಗೈ ಬೆವರಿತ್ತು. ಈ ಸಲ ಇಬ್ಬರಲ್ಲಿ ಯಾರೂ ಕೈ ತೆಗೆಯಲಿಲ್ಲ.

"ನಾನ್ ಅಮ್ಮಂಗೆ ಇನ್ನೂ ಫೋನ್ ಮಾಡ್ಲಿಲ್ಲೆ," ಎಂದಳು ಕಣ್ಣೊರೆಸಿಕೊಳ್ಳುತ್ತಾ.

"ಎಂತಕ್ಕೆ? ಮೊದ್ಲ್ ಮಾಡಿ! ಪಾಪ, ಕಾಯ್ತಾ ಇರ್ತ್ರ್. ಕೆಲ್ಸ ಪಕ್ಕಾ ಆಯ್ತ್ ಅಂತ ಹೇಳಿ."

"ಅದನ್ನ್ ನಾನ್ ಹೇಳ್ತೆ. ಬಾಕಿದ್ದನ್ನ್ ನೀವ್ ಕೊಕ್ಕರ್ಣೆಗೆ ಬಂದ್ ಹೇಳ್ಕ್."

ಪ್ರಖ್ಯಾತ್ ಗಡ್ಡ ಸವರಿಕೊಂಡ. "ಯಾವಾಗ?"

"ನಾಳೆ ಆಯ್ತಾರ. ಬ್ರಹ್ಮಾವರದಂಗೆ ಹತ್ತ್ ಗಂಟಿಗೆ ನಾನ್ ಕಾಯ್ತೆ."

"ನಂಗ್ ಹೆದ್ರಿಕೆ ಆತ್ತ್, ಸೌಮ್ಯಾ..."

"ನಂಗೂ ಆತ್ತ್," ಎಂದು ಅವಳು ಅವನ ಭುಜಕ್ಕೆ ಹಣೆಯಿಟ್ಟಳು. "ಒಟ್ಟಿಗೆ ಹೋಪ."